ಸ್ಪೀಡ್ ಇದ್ದರೂ ಬೆಂಗಳೂರಿನ ಲೈನ್ ತಡವರಿಸುತ್ತಿದೆಯಾ? ಜರ್ಮನಿಯಲ್ಲಿ ಕೇಬಲ್ ಮತ್ತು ಡಿಎಸ್‌ಎಲ್ ದಾರಿ ಹೋಲಿಸಿ ದೋಷ ಹಿಡಿಯುವ ಬಗೆ

ಜರ್ಮನಿಯಲ್ಲಿ ಕೂತು ಬೆಂಗಳೂರಿನ ಆಫೀಸ್ ಸರ್ವರ್‌ಗೆ ಲಾಗಿನ್ ಆಗುವವರು, ಊರಿಗೆ ವಿಡಿಯೊ ಕಾಲ್ ಮಾಡುವವರು ಹೇಳುವ ದೂರು ಹೆಚ್ಚುಕಮ್ಮಿ ಒಂದೇ. ಸ್ಪೀಡ್ ಟೆಸ್ಟ್ ಮಾಡಿದರೆ 500 ಎಂಬಿಪಿಎಸ್ ತೋರಿಸುತ್ತದೆ, ಸಿನಿಮಾ 4ಕೆಯಲ್ಲಿ ಸಲೀಸಾಗಿ ಓಡುತ್ತದೆ, ಆದರೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಂದು ಅಕ್ಷರ ಒತ್ತಿ ಅದು ಪರದೆಗೆ ಬರುವಷ್ಟರಲ್ಲಿ ಇನ್ನೆರಡು ಒತ್ತಿಬಿಟ್ಟಿರುತ್ತೇವೆ. ಗೆಳೆಯರನ್ನು ಕೇಳಿದರೆ ತಕ್ಷಣ ಸಲಹೆ ಬರುತ್ತದೆ: ಕೇಬಲ್ ಬಿಡಿ, ಡಿಎಸ್‌ಎಲ್ ತಗೊಳ್ಳಿ. ಡಿಎಸ್‌ಎಲ್ ಇರುವವರಿಗೆ ಇದೇ ಸಲಹೆ ತಿರುಗುಮುರುಗಾಗಿ ಸಿಗುತ್ತದೆ. ಏನನ್ನೂ ಅಳೆಯದೆ ಕೊಡುವ ಈ ಸಲಹೆ ನಂಬಿ 2 ವರ್ಷದ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕಬೇಡಿ. ಮನೆಗೆ ಬರುವ ತಂತಿ ಒಂದು ವಿಷಯ, ಆ ತಂತಿಯಿಂದ ಆಚೆಗೆ ಪ್ಯಾಕೆಟ್ (ಡೇಟಾದ ಒಂದೊಂದು ಸಣ್ಣ ತುಂಡು) ಹಿಡಿಯುವ ದಾರಿ, ಅಂದರೆ ರೂಟಿಂಗ್, ಇನ್ನೊಂದು ವಿಷಯ. ದೋಷ ಯಾವುದರಲ್ಲಿದೆ ಅಂತ ಮೊದಲು ಬೇರೆ ಮಾಡಿಕೊಳ್ಳಬೇಕು. ಅದಕ್ಕೆ ಒಂದು ಲ್ಯಾಪ್‌ಟಾಪ್, ಒಂದು ಲ್ಯಾನ್ ಕೇಬಲ್, ಸ್ವಲ್ಪ ತಾಳ್ಮೆ ಸಾಕು.

ತಂತಿಯ ಕೆಲಸ ಎಲ್ಲಿಗೆ ಮುಗಿಯುತ್ತದೆ

ಕೇಬಲ್ ಇಂಟರ್ನೆಟ್‌ನಲ್ಲಿ ಟಿವಿಗೆ ಬರುವ ಕೊಆಕ್ಸ್ ತಂತಿಯೇ ಬೀದಿಯ ನೋಡ್‌ವರೆಗೆ ಹೋಗುತ್ತದೆ. ಅಲ್ಲಿಂದ ಸಿಎಂಟಿಎಸ್ ಎನ್ನುವ ಯಂತ್ರಕ್ಕೆ ಫೈಬರ್. ಒಂದು ನೋಡ್‌ನ ಸಾಮರ್ಥ್ಯವನ್ನು ಸುತ್ತಲಿನ ಮನೆಗಳೆಲ್ಲ ಹಂಚಿಕೊಳ್ಳುತ್ತವೆ. ಡಿಎಸ್‌ಎಲ್‌ನಲ್ಲಿ ಫೋನಿನ ತಾಮ್ರದ ಜೋಡಿ ತಂತಿ ಬೀದಿ ಬದಿಯ ಬೂದು ಬಣ್ಣದ ಪೆಟ್ಟಿಗೆವರೆಗೆ ಹೋಗುತ್ತದೆ. ಆ ಜೋಡಿ ನಿಮ್ಮ ಮನೆಗೆ ಮಾತ್ರ ಸೇರಿದ್ದು. ಪೆಟ್ಟಿಗೆಯಿಂದ ಮುಂದಕ್ಕೆ ಅಲ್ಲೂ ಫೈಬರ್.

ಅಲ್ಲಿಂದಾಚೆ ಕೇಬಲ್, ಡಿಎಸ್‌ಎಲ್ ಎನ್ನುವ ಭೇದವೇ ಇಲ್ಲ. ಪ್ಯಾಕೆಟ್ ಯಾವ ಊರಲ್ಲಿ ಯಾರ ಕೈಗೆ ಹೋಗಬೇಕು ಎನ್ನುವುದನ್ನು ಕಂಪನಿ ಕಂಪನಿಗಳ ನಡುವಿನ ಒಪ್ಪಂದ ತೀರ್ಮಾನಿಸುತ್ತದೆ. ಜಾಲಗಳ ನಡುವೆ ದಾರಿ ಆರಿಸುವ ವ್ಯವಸ್ಥೆಯಾದ ಬಿಜಿಪಿ ದೂರ ನೋಡುವುದಿಲ್ಲ, ಎಷ್ಟು ಮಿಲಿಸೆಕೆಂಡ್ ಆಗುತ್ತದೆ ಅಂತಲೂ ನೋಡುವುದಿಲ್ಲ. ಕಂಪನಿ ಹಾಕಿಟ್ಟ ನಿಯಮವನ್ನು ನೋಡುತ್ತದೆ, ಆ ನಿಯಮದ ಹಿಂದೆ ಹೆಚ್ಚಾಗಿ ದುಡ್ಡಿನ ಲೆಕ್ಕ ಇರುತ್ತದೆ.

ಇಲ್ಲಿ ಇನ್ನೊಂದು ವಿಷಯ ಜನ ಮರೆಯುತ್ತಾರೆ. ಜರ್ಮನಿಯಲ್ಲಿ ಒಂದೇ ತಾಮ್ರದ ತಂತಿ ಮೇಲೆ ಬೇರೆ ಬೇರೆ ಕಂಪನಿಗಳು ಡಿಎಸ್‌ಎಲ್ ಮಾರುತ್ತವೆ. ತಂತಿ ಅದೇ, ಪೆಟ್ಟಿಗೆ ಅದೇ, ಆದರೆ ಅಲ್ಲಿಂದ ಮುಂದೆ ಒಂದೊಂದು ಕಂಪನಿಯ ಬೆನ್ನೆಲುಬು ಜಾಲ ಒಂದೊಂದು ಥರ. ಹಾಗಾಗಿ "ಡಿಎಸ್‌ಎಲ್‌ನ ರೂಟಿಂಗ್ ಚೆನ್ನಾಗಿದೆ" ಎನ್ನುವ ಮಾತಿಗೆ ಅರ್ಥವೇ ಇಲ್ಲ. ಯಾವ ಕಂಪನಿಯ ರೂಟಿಂಗ್, ಯಾವ ಊರಿಗೆ, ಯಾವ ಹೊತ್ತಿನಲ್ಲಿ ಅಂತ ಕೇಳಬೇಕು.

ಇದು ಎಷ್ಟು ವ್ಯಾಪಾರದ ವಿಷಯ ಎನ್ನುವುದಕ್ಕೆ ಜರ್ಮನಿಯಲ್ಲೇ ನಡೆದದ್ದು ನೋಡಿ. ಡಾಯ್ಚೆ ಟೆಲಿಕಾಮ್ ಮತ್ತು ಮೆಟಾ ನಡುವೆ ನೇರ ಸಂಪರ್ಕದ ಶುಲ್ಕದ ಬಗ್ಗೆ ವ್ಯಾಜ್ಯ ಇತ್ತು. ಮೆಟಾ ಸುಮಾರು 2 ಕೋಟಿ ಯೂರೊ ಕೊಡಬೇಕು ಅಂತ 2024ರ ಮೇ ತಿಂಗಳಲ್ಲಿ ಕಲೋನ್ ನಗರದ ಕೋರ್ಟ್ ಹೇಳಿತು. ಅದೇ ಸೆಪ್ಟೆಂಬರ್‌ನಲ್ಲಿ ಮೆಟಾ ನೇರ ಸಂಪರ್ಕ ನಿಲ್ಲಿಸಿ ಮೂರನೆಯವರ ಜಾಲದ ಮೂಲಕ ಟ್ರಾಫಿಕ್ ಕಳಿಸುವುದಾಗಿ ಪ್ರಕಟಿಸಿತು. ವಾಟ್ಸಾಪ್ ಕೂಡ ಮೆಟಾದ್ದೇ ಅಲ್ವಾ. ಯಾರ ಮನೆಯ ತಂತಿಯೂ ಬದಲಾಗಲಿಲ್ಲ, ದಾರಿ ಮಾತ್ರ ಬದಲಾಯಿತು.

ಮೊದಲು ಮನೆಯೊಳಗಿನದು ಮುಗಿಸಿ

ವೈಫೈ ಮೇಲೆ ಮಾಡಿದ ಯಾವ ಅಳತೆಯನ್ನೂ ನಂಬಬೇಡಿ. ಲ್ಯಾನ್ ಕೇಬಲ್ ಹಾಕಿ ರೌಟರ್‌ಗೆ ನೇರ ಜೋಡಿಸಿ. ರೌಟರ್‌ನ ಒಳಗಿನ ವಿಳಾಸಕ್ಕೆ ಪಿಂಗ್ (ಪ್ಯಾಕೆಟ್ ಹೋಗಿ ಬರುವ ಸಮಯ ಅಳೆಯುವ ಆಜ್ಞೆ) ಹಾಕಿ 5 ನಿಮಿಷ ಬಿಡಿ. 1 ಮಿಲಿಸೆಕೆಂಡ್ ಆಸುಪಾಸು ಇರಬೇಕು, ಒಂದೂ ಕಳೆದುಹೋಗಬಾರದು. ಇಲ್ಲೇ ಏರುಪೇರು ಕಂಡರೆ ಕಂಪನಿಗೆ ಫೋನ್ ಮಾಡುವ ಮುಂಚೆ ಲ್ಯಾನ್ ಕೇಬಲ್ ಅಥವಾ ರೌಟರ್ ಬದಲಿಸಿ ನೋಡಿ. 2016ರ ಆಗಸ್ಟ್‌ನಿಂದ ಜರ್ಮನಿಯಲ್ಲಿ ಸ್ವಂತ ರೌಟರ್ ಇಟ್ಟುಕೊಳ್ಳುವ ಹಕ್ಕು ಕಾನೂನಿನಲ್ಲೇ ಇದೆ, ಕೇಬಲ್‌ಗೂ ಅನ್ವಯ.

ಮನೆಯಲ್ಲಿ ಯಾರಾದರೂ ಫೋಟೊಗಳನ್ನೆಲ್ಲ ಕ್ಲೌಡ್‌ಗೆ ಅಪ್‌ಲೋಡ್ ಮಾಡುತ್ತಿದ್ದರೂ ಇದೇ ಥರ ತೊಂದರೆ ಆಗುತ್ತದೆ. ಅಪ್‌ಲೋಡ್ ತುಂಬಿದಾಗ ಪ್ಯಾಕೆಟ್‌ಗಳು ಮೋಡೆಮ್‌ನಲ್ಲೇ ಸಾಲುಗಟ್ಟಿ ನಿಲ್ಲುತ್ತವೆ. ಬೇಕಂತಲೇ ಒಂದು ದೊಡ್ಡ ಫೈಲ್ ಅಪ್‌ಲೋಡ್ ಹಾಕಿ ಪಿಂಗ್ ನೋಡಿ. 20 ಇದ್ದದ್ದು 300 ಆದರೆ ರೂಟಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ರೌಟರ್‌ನಲ್ಲಿ ಅಪ್‌ಲೋಡ್‌ಗೆ ಮಿತಿ ಹಾಕಿ.

ಮೊದಲ ಹಾಪ್ ಏನು ಹೇಳುತ್ತದೆ

ಪ್ಯಾಕೆಟ್ ಹೋಗುವ ದಾರಿಯ ಒಂದೊಂದು ರೌಟರನ್ನೂ ಪಟ್ಟಿ ಮಾಡುವ ಆಜ್ಞೆ ಟ್ರೇಸ್‌ರೂಟ್, ಆ ಒಂದೊಂದು ನಿಲುಗಡೆಯೇ ಹಾಪ್. ಅದರಲ್ಲಿ ನಿಮ್ಮ ರೌಟರ್ ಆದ ಮೇಲೆ ಬರುವ ಮೊದಲ ವಿಳಾಸವೇ ತಂತಿಯ ಗುಣ ತೋರಿಸುವ ಜಾಗ. ಅಲ್ಲಿಗೆ ಬಿಡದೆ ಪಿಂಗ್ ಹಾಕಿ, ಬೆಳಿಗ್ಗೆ ಒಮ್ಮೆ, ರಾತ್ರಿ 9ರ ಹೊತ್ತಿಗೆ ಒಮ್ಮೆ.

ಡಿಎಸ್‌ಎಲ್‌ನಲ್ಲಿ ಇಂಟರ್‌ಲೀವಿಂಗ್ (ದೋಷ ತಿದ್ದಲು ಡೇಟಾವನ್ನು ಹೆಣೆದು ಕಳಿಸುವ ಕ್ರಮ) ಆನ್ ಇದ್ದರೆ ಮೊದಲ ಹಾಪ್‌ಗೇ 15ರಿಂದ 20 ಮಿಲಿಸೆಕೆಂಡ್ ಹಿಡಿಯಬಹುದು. ನೋಡಲು ಜಾಸ್ತಿ, ಆದರೆ ಹಗಲು ರಾತ್ರಿ ಅಲುಗಾಡದೆ ಒಂದೇ ಥರ ಇರುತ್ತದೆ. ಡಿಎಸ್‌ಎಲ್ ಕೆಟ್ಟಾಗ ಅದರ ಲಕ್ಷಣ ಬೇರೆ: ರೌಟರ್‌ನ ಡಿಎಸ್‌ಎಲ್ ಪುಟದಲ್ಲಿ ಸಿಆರ್‌ಸಿ ದೋಷಗಳ (ತಂತಿಯಲ್ಲಿ ಕೆಟ್ಟುಹೋದ ಡೇಟಾ) ಸಂಖ್ಯೆ ಗಂಟೆಗಂಟೆಗೂ ಏರುತ್ತದೆ, ಲೈನ್ ಬಿದ್ದು ಮತ್ತೆ ಸಿಂಕ್ ಆಗುತ್ತದೆ, ನಾಯ್ಸ್ ಮಾರ್ಜಿನ್ (ಗದ್ದಲ ತಾಳಿಕೊಳ್ಳಲು ಸಿಗ್ನಲ್‌ಗೆ ಉಳಿದಿರುವ ಅಂತರ) 6 ಡೆಸಿಬಲ್‌ಗಿಂತ ತುಂಬಾ ಕೆಳಗೆ ಇಳಿಯುತ್ತದೆ. ಹಳೆಯ ಕಟ್ಟಡಗಳಲ್ಲಿ ಒಳಗಿನ ಫೋನ್ ವೈರಿಂಗ್ ಮತ್ತು ಗೋಡೆಯ ಸಾಕೆಟ್ ಇದಕ್ಕೆ ಕಾರಣವಾಗುವುದು ಜಾಸ್ತಿ.

ಕೇಬಲ್‌ನಲ್ಲಿ ಬೆಳಿಗ್ಗೆ ಹೊತ್ತು ಮೊದಲ ಹಾಪ್‌ಗೆ 8ರಿಂದ 15 ಮಿಲಿಸೆಕೆಂಡ್ ಇರುತ್ತದೆ, ಸ್ವಲ್ಪ ಅಲುಗಾಡುತ್ತದೆ. ಅದು ಸಹಜ. ಅಪ್‌ಲೋಡ್ ದಿಕ್ಕಿನಲ್ಲಿ ಒಂದೊಂದು ಮೋಡೆಮ್ಮೂ "ನನಗೆ ಕಳಿಸಲು ಸಮಯ ಕೊಡಿ" ಅಂತ ಸಿಎಂಟಿಎಸ್‌ಗೆ ಕೇಳಿ, ಸರದಿ ಸಿಕ್ಕ ಮೇಲೆ ಕಳಿಸಬೇಕು. ರಾತ್ರಿ ಹೊತ್ತು ಎಲ್ಲರೂ ಸಿನಿಮಾ ಹಾಕಿದಾಗ ಈ ಮೊದಲ ಹಾಪೇ 40, 60, 90 ಅಂತ ಕುಣಿದರೆ ನಿಮ್ಮ ನೋಡ್ ತುಂಬಿದೆ. ಬೆಳಿಗ್ಗೆಯೂ ಕುಣಿಯುತ್ತಿದ್ದರೆ ಸಿಗ್ನಲ್ ನೋಡಿ. ಯಾರದೋ ಮನೆಯ ಸಡಿಲ ಕನೆಕ್ಟರ್‌ನಿಂದ ಒಳನುಗ್ಗುವ ಗದ್ದಲ ಇಡೀ ಬೀದಿಯ ಅಪ್‌ಲೋಡ್ ಹಾಳು ಮಾಡುತ್ತದೆ, ಕಂಪನಿಯವರು ಬಂದು ಮನೆಮನೆ ಹುಡುಕಬೇಕಾಗುತ್ತದೆ. ಮೋಡೆಮ್ ಪುಟದಲ್ಲಿ ಸರಿಪಡಿಸಲಾಗದ ದೋಷಗಳ ಸಂಖ್ಯೆ ಏರುತ್ತಿದೆಯಾ ಅಂತ ಗಮನಿಸಿ, ಒಟ್ಟು ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಬೇಗ ಏರುತ್ತಿದೆ ಎನ್ನುವುದು ಮುಖ್ಯ.

ಮೊದಲ ಹಾಪ್ ಎರಡು ಹೊತ್ತಿನಲ್ಲೂ ಚೆನ್ನಾಗಿದ್ದರೆ ತಂತಿಯನ್ನು ಬಿಟ್ಟುಬಿಡಿ. ದೋಷ ಮುಂದೆ ಇದೆ.

ಗಡಿಯಾರ ನೋಡಿ

ಇದು ನನಗೆ ತುಂಬಾ ಇಷ್ಟದ ಪರೀಕ್ಷೆ, ಏನೂ ಖರ್ಚಿಲ್ಲ. ಭಾರತ ಜರ್ಮನಿಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದಿದೆ. ಎರಡೂ ಕಡೆ ಜನ ರಾತ್ರಿ 8ರಿಂದ 10ರ ಹೊತ್ತಿಗೆ ಇಂಟರ್ನೆಟ್ ಜಾಸ್ತಿ ಬಳಸುತ್ತಾರೆ. ಬೆಂಗಳೂರಿನ ರಾತ್ರಿ 8ರಿಂದ 10 ಅಂದರೆ ಇಲ್ಲಿ ಬೇಸಿಗೆಯಲ್ಲಿ ಸಂಜೆ ನಾಲ್ಕೂವರೆಯಿಂದ ಆರೂವರೆ. ನಿಮ್ಮ ತೊಂದರೆ ಆ ಹೊತ್ತಿಗೆ ಶುರುವಾಗಿ ಇಲ್ಲಿಯ ರಾತ್ರಿ 9ಕ್ಕೆ ಸರಿಹೋಗುತ್ತಿದ್ದರೆ ಭಾರತದ ಕಡೆಯ ಲೈನ್ ತುಂಬುತ್ತಿದೆ, ನೀವು ಜರ್ಮನಿಯಲ್ಲಿ ಕಂಪನಿ ಬದಲಿಸಿ ಪ್ರಯೋಜನವಿಲ್ಲ. ಇಲ್ಲಿಯ ರಾತ್ರಿ 8ಕ್ಕೆ ಶುರುವಾದರೆ ಜರ್ಮನಿಯ ಕಡೆಯದು. ಇಡೀ ದಿನ ಒಂದೇ ಥರ ನಿಧಾನ ಇದ್ದರೆ ದಟ್ಟಣೆ ಕಾರಣ ಅಲ್ಲ, ಪ್ಯಾಕೆಟ್ ಸುತ್ತು ಹೊಡೆಯುತ್ತಿದೆ.

ಟ್ರೇಸ್ ಓದುವುದು

ಗುರಿ ಸರಿಯಾಗಿ ಆರಿಸಿ. ಗೂಗಲ್‌ನ ನಾಲ್ಕು ಎಂಟರ ವಿಳಾಸಕ್ಕೆ (8.8.8.8) ಪಿಂಗ್ ಹಾಕಿ "10 ಮಿಲಿಸೆಕೆಂಡ್ ಬಂತು" ಅಂದರೆ ಏನೂ ತಿಳಿಯುವುದಿಲ್ಲ, ಆ ವಿಳಾಸಕ್ಕೆ ಪ್ರಪಂಚದ ತುಂಬ ಸರ್ವರ್‌ಗಳಿವೆ, ನಿಮಗೆ ಹತ್ತಿರದ್ದು ಉತ್ತರ ಕೊಡುತ್ತದೆ. ದೊಡ್ಡ ವೆಬ್‌ಸೈಟ್‌ಗಳೂ ಹಾಗೇ, ಹೆಸರು ಭಾರತದ್ದು, ಪುಟ ಬರುವುದು ಫ್ರಾಂಕ್‌ಫರ್ಟ್‌ನಿಂದ. ನಿಮಗೆ ನಿಜವಾಗಿ ಬೇಕಾದ ವಿಳಾಸವನ್ನೇ ಹಾಕಿ. ಆಫೀಸ್ ಕೆಲಸವಾದರೆ ವಿಪಿಎನ್ (ಆಫೀಸ್ ಜಾಲಕ್ಕೆ ಸೇರಿಸುವ ಸುರಂಗ) ಗೇಟ್‌ವೇಯ ಹೊರ ವಿಳಾಸ, ಮತ್ತು ವಿಪಿಎನ್ ಆಫ್ ಮಾಡಿಯೇ ಟ್ರೇಸ್ ಮಾಡಿ. ಆನ್ ಇಟ್ಟು ಮಾಡಿದರೆ ಸುರಂಗದ ಒಳಗಿನ ಹಾಪ್‌ಗಳು ಮಾತ್ರ ಕಾಣುತ್ತವೆ, ನಡುವಿನ ಸಮುದ್ರವೆಲ್ಲ ಮಾಯ.

ಲಿನಕ್ಸ್‌ನಲ್ಲಿ ಎಂಟಿಆರ್, ವಿಂಡೋಸ್‌ನಲ್ಲಿ ವಿನ್‌ಎಂಟಿಆರ್ ಬಳಸಿ. ಸಾಮಾನ್ಯ ಟ್ರೇಸ್‌ರೂಟ್ ಒಂದು ಹಾಪ್‌ಗೆ ಮೂರೇ ಪ್ಯಾಕೆಟ್ ಕಳಿಸುತ್ತದೆ, ಎಂಟಿಆರ್ ಬಿಡದೆ ಕಳಿಸುತ್ತಾ ಲೆಕ್ಕ ಇಡುತ್ತದೆ. ಕನಿಷ್ಠ 10 ನಿಮಿಷ ಓಡಿಸಿ.

ಮ್ಯೂನಿಕ್‌ನ ನಮ್ಮ ಕಟ್ಟಡದಲ್ಲಿ ನನ್ನ ಮನೆಗೆ ಕೇಬಲ್, ಕೆಳಗಿನ ಮನೆಯ ಗೆಳೆಯರಿಗೆ ಇನ್ನೊಂದು ಕಂಪನಿಯ ಡಿಎಸ್‌ಎಲ್. ಒಂದೇ ಬೆಳಿಗ್ಗೆ, ಒಂದೇ ಹೊತ್ತಿಗೆ, ಬೆಂಗಳೂರಿನ ಒಂದೇ ಗೇಟ್‌ವೇಗೆ ಎರಡರಿಂದಲೂ ಹಾಕಿದಾಗ ಸರಾಸರಿ ಹೀಗೆ ಬಂತು, ಮುಖ್ಯ ಹಾಪ್‌ಗಳನ್ನಷ್ಟೇ ಕೊಡುತ್ತೇನೆ.

ಕೇಬಲ್, 500 ಎಂಬಿಪಿಎಸ್:
ಮೊದಲ ಹಾಪ್ 11 ಮಿಲಿಸೆಕೆಂಡ್
ಫ್ರಾಂಕ್‌ಫರ್ಟ್ 18
ಲಂಡನ್ 31
ಸಿಂಗಪುರ 172
ಚೆನ್ನೈ 206
ಬೆಂಗಳೂರು 213

ಡಿಎಸ್‌ಎಲ್, 100 ಎಂಬಿಪಿಎಸ್:
ಮೊದಲ ಹಾಪ್ 17
ಫ್ರಾಂಕ್‌ಫರ್ಟ್ 24
ಮಾರ್ಸೆ 36
ಮುಂಬೈ 128
ಬೆಂಗಳೂರು 146

ಮೊದಲ ಎರಡು ಸಾಲು ಮಾತ್ರ ನೋಡಿದವರು ಕೇಬಲ್ ಗೆದ್ದಿತು ಅನ್ನುತ್ತಾರೆ. ಸ್ಪೀಡ್ ಟೆಸ್ಟ್ ನೋಡುವುದೂ ಅಷ್ಟನ್ನೇ, ಏಕೆಂದರೆ ಅದರ ಸರ್ವರ್ ಜರ್ಮನಿಯೊಳಗೇ ಇರುತ್ತದೆ. ಮುಂದೆ ಓದಿದರೆ ಕೇಬಲ್ ಕಂಪನಿಯ ಪ್ಯಾಕೆಟ್ ಭಾರತವನ್ನು ದಾಟಿ ಸಿಂಗಪುರಕ್ಕೆ ಹೋಗಿ ವಾಪಸ್ ಬರುತ್ತಿದೆ, ಬೆಂಗಳೂರಿನಿಂದ ತುಮಕೂರಿಗೆ ಹೊರಟವರು ಶಿವಮೊಗ್ಗ ನೋಡಿಕೊಂಡು ಬಂದ ಹಾಗೆ. ದಿನದ ಯಾವ ಹೊತ್ತಿನಲ್ಲಿ ನೋಡಿದರೂ 213ರ ಸುತ್ತಲೇ ಇತ್ತು. ತಂತಿಯಲ್ಲಿ ಒಂದು ಚೂರೂ ದೋಷ ಇರಲಿಲ್ಲ.

ಎಷ್ಟು ಇರಬೇಕು ಎನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ 100 ಕಿಲೋಮೀಟರ್ ದೂರ ಹೋಗಿ ಬರಲು 1 ಮಿಲಿಸೆಕೆಂಡ್. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 7,400 ಕಿಲೋಮೀಟರ್, ಹಾಗಾಗಿ 74ಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ. ಸಮುದ್ರದಡಿಯ ಕೇಬಲ್‌ಗಳು ನೇರ ಗೆರೆಯಲ್ಲಿ ಹೋಗುವುದಿಲ್ಲ, ಮಾರ್ಸೆಯಿಂದ ಮೆಡಿಟರೇನಿಯನ್, ಈಜಿಪ್ಟ್, ಕೆಂಪು ಸಮುದ್ರ, ಅರಬ್ಬೀ ಸಮುದ್ರ ದಾಟಿ ಮುಂಬೈ ಸೇರಬೇಕು. ಹಾಗಾಗಿ 130ರಿಂದ 150 ಬಂದರೆ ಒಳ್ಳೆಯ ದಾರಿ ಎಂದುಕೊಳ್ಳಿ. 200 ದಾಟಿದರೆ ಸುತ್ತು ಇದೆ. 300 ದಾಟಿದರೆ ಅಮೆರಿಕದ ಕಡೆಯಿಂದ ಹೋಗುತ್ತಿರಬಹುದು, ಹಾಪ್‌ಗಳ ಹೆಸರು ನೋಡಿ.

ಆ ಹೆಸರುಗಳಲ್ಲಿ ಊರಿನ ಸುಳಿವು ಇರುತ್ತದೆ, ಹೆಚ್ಚಿನವರು ವಿಮಾನ ನಿಲ್ದಾಣದ ಮೂರಕ್ಷರ ಹಾಕುತ್ತಾರೆ. ಎಫ್‌ಆರ್‌ಎ ಫ್ರಾಂಕ್‌ಫರ್ಟ್, ಎಂಆರ್‌ಎಸ್ ಮಾರ್ಸೆ, ಬಿಒಎಂ ಮುಂಬೈ, ಎಂಎಎ ಚೆನ್ನೈ, ಎಸ್‌ಐಎನ್ ಸಿಂಗಪುರ. ಹೆಸರು ಹಳೆಯದಾಗಿ ಉಳಿದಿರಬಹುದು, ಆದ್ದರಿಂದ ಮಿಲಿಸೆಕೆಂಡ್ ಜೊತೆ ತಾಳೆ ನೋಡಿ. ಐಪಿ ವಿಳಾಸ ಯಾವ ದೇಶದ್ದು ಅಂತ ಹೇಳುವ ವೆಬ್‌ಸೈಟ್‌ಗಳನ್ನು ರೌಟರ್‌ಗಳ ವಿಷಯದಲ್ಲಿ ನಂಬಬೇಡಿ, ಅವು ಕಂಪನಿಯ ಮುಖ್ಯ ಕಚೇರಿ ಇರುವ ಊರನ್ನು ತೋರಿಸಿಬಿಡುತ್ತವೆ.

ನಡುವಿನ ಒಂದು ಹಾಪ್‌ನಲ್ಲಿ 60 ಪರ್ಸೆಂಟ್ ಲಾಸ್ (ಕಳೆದುಹೋದ ಪ್ಯಾಕೆಟ್) ಕಂಡು ಗಾಬರಿಯಾಗಬೇಡಿ. ಅದರ ಮುಂದಿನ ಹಾಪ್‌ಗಳೆಲ್ಲ ಸೊನ್ನೆ ಇದ್ದರೆ ಆ ರೌಟರ್ ಪಿಂಗ್‌ಗೆ ಉತ್ತರ ಕೊಡುವುದನ್ನು ಮಾತ್ರ ಕಡಿಮೆ ಮಾಡಿದೆ, ನಿಮ್ಮ ಪ್ಯಾಕೆಟ್‌ಗಳನ್ನು ಸರಿಯಾಗಿಯೇ ದಾಟಿಸುತ್ತಿದೆ. ಲಾಸ್ ಒಂದು ಕಡೆ ಶುರುವಾಗಿ ಕೊನೆವರೆಗೂ ಉಳಿದರೆ ಮಾತ್ರ ಅದು ನಿಜ. ಮಿಲಿಸೆಕೆಂಡ್‌ಗೂ ಇದೇ ನಿಯಮ. ಕಸ್ಟಮರ್ ಕೇರ್‌ಗೆ ಹೋಗುವ ಎಷ್ಟೋ ದೂರುಗಳು ಇದನ್ನು ತಪ್ಪು ಓದಿದ್ದರಿಂದಲೇ ತಿರಸ್ಕಾರ ಆಗುತ್ತವೆ.

ಟ್ರೇಸ್ ಮಾಡುವ ಮುಂಚೆ ಸಮುದ್ರದ ಸುದ್ದಿಯನ್ನೂ ಒಮ್ಮೆ ನೋಡಿಬಿಡಿ. 2024ರ ಆರಂಭದಲ್ಲಿ ಕೆಂಪು ಸಮುದ್ರದಲ್ಲಿ ಎಎಇ-1, ಇಐಜಿ ಸೇರಿ ಕೆಲವು ಕೇಬಲ್‌ಗಳು ತುಂಡಾದವು. 2025ರ ಸೆಪ್ಟೆಂಬರ್‌ನಲ್ಲಿ ಜೆಡ್ಡಾ ಹತ್ತಿರ ಸೀ-ಮಿ-ವಿ 4 ಮತ್ತು ಐಎಂಇಡಬ್ಲ್ಯುಇ ಕೆಟ್ಟವು. ಇಂಥ ಹೊತ್ತಿನಲ್ಲಿ ಕೇಬಲ್, ಡಿಎಸ್‌ಎಲ್ ಎರಡೂ ಹದಗೆಡಬಹುದು. ಯಾವ ಕಂಪನಿ ಬದಲಿ ದಾರಿ ಮೊದಲೇ ಕೊಂಡಿಟ್ಟಿದೆ ಎನ್ನುವುದು ಆಗ ಗೊತ್ತಾಗುತ್ತದೆ.

ಕೇಬಲ್‌ನವರು ಐಪಿವಿ4, ಐಪಿವಿ6 ಎರಡನ್ನೂ ಬೇರೆ ಬೇರೆ ನೋಡಬೇಕು

ಇಂಟರ್ನೆಟ್ ವಿಳಾಸದ ಹಳೆಯ ಪದ್ಧತಿ ಐಪಿವಿ4, ಹೊಸದು ಐಪಿವಿ6. ಜರ್ಮನಿಯ ಕೇಬಲ್ ಸಂಪರ್ಕಗಳಲ್ಲಿ ಡಿಎಸ್-ಲೈಟ್ ಎನ್ನುವ ಏರ್ಪಾಡು ತುಂಬಾ ಸಾಮಾನ್ಯ. ನಿಮಗೆ ಸ್ವಂತ ಐಪಿವಿ4 ವಿಳಾಸ ಇರುವುದಿಲ್ಲ, ಐಪಿವಿ4 ಪ್ಯಾಕೆಟ್‌ಗಳನ್ನೆಲ್ಲ ಐಪಿವಿ6 ಒಳಗೆ ಸುತ್ತಿ ಕಂಪನಿಯ ಒಂದು ಹಂಚಿಕೆ ಯಂತ್ರಕ್ಕೆ ಕಳಿಸಲಾಗುತ್ತದೆ, ಅಲ್ಲಿಂದ ಅವು ಹೊರಗೆ ಹೋಗುತ್ತವೆ. ಆ ಯಂತ್ರ ರಾತ್ರಿ ತುಂಬಿದರೆ ಐಪಿವಿ4 ಮಾತ್ರ ಒದ್ದಾಡುತ್ತದೆ, ಐಪಿವಿ6 ಆರಾಮಾಗಿರುತ್ತದೆ. ಒಂದೇ ಗುರಿಗೆ ಎರಡರಲ್ಲೂ ಟ್ರೇಸ್ ಹಾಕಿ ವ್ಯತ್ಯಾಸ ನೋಡಿ. ಆಫೀಸ್ ವಿಪಿಎನ್ ಐಪಿವಿ4 ಮಾತ್ರ ಇದ್ದರೆ ನೀವು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಕಂಪನಿಗೆ ಫೋನ್ ಮಾಡಿ ಡ್ಯುಯಲ್ ಸ್ಟ್ಯಾಕ್ (ಎರಡೂ ಬಗೆಯ ಸ್ವಂತ ವಿಳಾಸ) ಕೇಳಿ, ಕೆಲವರು ಸುಮ್ನೆ ಕೊಡುತ್ತಾರೆ, ಕೆಲವರು ಬಿಸಿನೆಸ್ ಪ್ಲ್ಯಾನ್ ತಗೊಳ್ಳಿ ಅನ್ನುತ್ತಾರೆ.

ಲಾಗಿನ್ ಆಗುತ್ತದೆ, ಆಮೇಲೆ ದೊಡ್ಡ ಫೈಲ್ ತೆರೆದರೆ ನಿಂತುಬಿಡುತ್ತದೆ ಎನ್ನುವ ತೊಂದರೆ ಇದ್ದರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್ ಲೆಕ್ಕದಲ್ಲಿ) ನೋಡಿ. ಸಾಮಾನ್ಯ ಈಥರ್ನೆಟ್ 1500, ಡಿಎಸ್‌ಎಲ್ ಲಾಗಿನ್‌ಗೆ ಬಳಸುವ ಪಿಪಿಪಿಒಇಯಲ್ಲಿ 1492, ಡಿಎಸ್-ಲೈಟ್‌ನಲ್ಲಿ ಐಪಿವಿ4ಗೆ 1460 ಉಳಿಯುವುದು ಸಾಮಾನ್ಯ. ವಿಂಡೋಸ್ ಪಿಂಗ್‌ನಲ್ಲಿ ಒಡೆಯಬೇಡ ಎನ್ನುವ ಮೈನಸ್ ಎಫ್ ಮತ್ತು ಗಾತ್ರದ ಮೈನಸ್ ಎಲ್ ಹಾಕಿ 1464 ಕಳಿಸಿ. 28 ಬೈಟ್ ಹೆಡರ್ ಸೇರಿ 1492 ಆಗುತ್ತದೆ. ಡಿಎಸ್‌ಎಲ್‌ನಲ್ಲಿ ದಾಟಿ ಕೇಬಲ್‌ನಲ್ಲಿ ದಾಟದಿದ್ದರೆ ವಿಪಿಎನ್‌ನ ಎಂಟಿಯು ಇಳಿಸಿ, ರೂಟಿಂಗ್ ಬಗ್ಗೆ ಯೋಚಿಸುವ ಅಗತ್ಯವೇ ಬೀಳದಿರಬಹುದು.

ವಾಪಸ್ ದಾರಿ ಕಾಣುವುದಿಲ್ಲ

ಟ್ರೇಸ್‌ರೂಟ್ ಹೋಗುವ ದಾರಿಯನ್ನು ಮಾತ್ರ ತೋರಿಸುತ್ತದೆ. ಬರುವ ದಾರಿ ಬೇರೆಯೇ ಇರಬಹುದು, ಆದರೆ ಮಿಲಿಸೆಕೆಂಡ್‌ನಲ್ಲಿ ಎರಡೂ ಸೇರಿರುತ್ತವೆ. ಫ್ರಾಂಕ್‌ಫರ್ಟ್‌ನಿಂದ ನೇರ ಮುಂಬೈಗೆ ಹೋದಂತೆ ಕಂಡು ಅಲ್ಲಿ 240 ಬಂದರೆ ವಾಪಸ್ ಬರುವಾಗ ಸುತ್ತು ಹಾಕುತ್ತಿದೆ ಅಂತಲೇ ಅನುಮಾನಿಸಿ. ಆಫೀಸ್‌ನ ನೆಟ್‌ವರ್ಕ್‌ನವರಿಗೆ ಅಥವಾ ಊರಲ್ಲಿರುವ ತಂಗಿಗೋ ಭಾವನಿಗೋ ಹೇಳಿ ಆ ಕಡೆಯಿಂದ ನಿಮ್ಮ ವಿಳಾಸಕ್ಕೆ ಅದೇ ಹೊತ್ತಿಗೆ ಟ್ರೇಸ್ ಮಾಡಿಸಿ. ಡಿಎಸ್-ಲೈಟ್ ಇದ್ದವರು ಅಲ್ಲಿಂದ ಐಪಿವಿ6ಗೆ ಮಾಡಿಸಬೇಕು, ಇಲ್ಲವೇ ಅದೇ ಕಂಪನಿಯ ಬೇರೆ ಯಾವುದಾದರೂ ವಿಳಾಸಕ್ಕೆ. ಯಾರೂ ಸಿಗದಿದ್ದರೆ ಕಂಪನಿಗಳು ನಡೆಸುವ ಲುಕಿಂಗ್ ಗ್ಲಾಸ್ ಪುಟಗಳಿವೆ (ಅವರ ಜಾಲದಿಂದ ಟ್ರೇಸ್ ಹಾಕಲು ಬಿಡುವ ವೆಬ್ ಪುಟ), ಯುರೋಪಿನಲ್ಲಿ ಐಪಿ ವಿಳಾಸ ಹಂಚುವ ರೈಪ್ ಸಂಸ್ಥೆಯ ಅಟ್ಲಾಸ್ ಎನ್ನುವ ಅಳತೆ ಜಾಲವಿದೆ. ಅಟ್ಲಾಸ್‌ನಲ್ಲಿ ನಿಮಗೆ ಬೇಕಾದ ಜರ್ಮನ್ ಕಂಪನಿಯ ಗ್ರಾಹಕರ ಮನೆಯಲ್ಲಿರುವ ಪ್ರೋಬ್ ಎನ್ನುವ ಅಳತೆ ಸಾಧನದಿಂದಲೂ ಬೆಂಗಳೂರಿಗೆ ಟ್ರೇಸ್ ಹಾಕಿಸಬಹುದು, ಲೈನ್ ಕೊಳ್ಳುವ ಮುಂಚೆಯೇ.

ರೂಟಿಂಗೇ ಕಾರಣ ಅಂತ ಖಚಿತ ಮಾಡಿಕೊಳ್ಳಲು ಒಂದು ದಾರಿ ಇದೆ. ಫ್ರಾಂಕ್‌ಫರ್ಟ್ ಅಥವಾ ಮುಂಬೈನಲ್ಲಿ ಒಂದು ಅಗ್ಗದ ಸರ್ವರ್ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಗೊಂಡು ವೈರ್‌ಗಾರ್ಡ್ ಎನ್ನುವ ವಿಪಿಎನ್ ಸುರಂಗ ಹಾಕಿ, ಅದರ ಮೂಲಕ ಬೆಂಗಳೂರಿಗೆ ಪಿಂಗ್ ನೋಡಿ. ನಿಮ್ಮ ತಂತಿ ಅದೇ, ಮೋಡೆಮ್ ಅದೇ, ದಾರಿ ಮಾತ್ರ ಬೇರೆ. 213 ಇದ್ದದ್ದು 150ಕ್ಕೆ ಇಳಿದರೆ ಇನ್ನು ವಾದಕ್ಕೆ ಜಾಗವಿಲ್ಲ. ವಾಟ್ಸಾಪ್ ಕಾಲ್ ಮಾತ್ರ ತೊಂದರೆಯಾದರೆ ಇನ್ನೂ ಸುಲಭ: ಪ್ರೈವಸಿ ಸೆಟ್ಟಿಂಗ್‌ನಲ್ಲಿ ಕಾಲ್ ವೇಳೆ ಐಪಿ ವಿಳಾಸ ಮರೆಮಾಚುವ ಆಯ್ಕೆ ಇದೆ, ಅದನ್ನು ಆನ್ ಮಾಡಿದರೆ ಕಾಲ್ ನೇರ ಹೋಗದೆ ವಾಟ್ಸಾಪ್‌ನ ಸರ್ವರ್ ಮೂಲಕ ಹೋಗುತ್ತದೆ. ಆನ್ ಒಮ್ಮೆ, ಆಫ್ ಒಮ್ಮೆ ಅಮ್ಮನ ಜೊತೆ ಮಾತಾಡಿ ನೋಡಿ.

ಯಾರಿಗೆ ಹೇಳುವುದು

ಮೊದಲ ಹಾಪ್ ಕೆಟ್ಟಿದ್ದರೆ ಕಂಪನಿಯ ಕಸ್ಟಮರ್ ಕೇರ್ ಸಾಕು, ಟೆಕ್ನಿಷಿಯನ್ ಬರುತ್ತಾರೆ. ಸ್ಪೀಡೇ ಕಡಿಮೆ ಇದ್ದರೆ ಜರ್ಮನಿಯ ನಿಯಂತ್ರಣ ಸಂಸ್ಥೆಯಾದ ಬುಂಡೆಸ್‌ನೆಟ್ಸ್‌ಅಗೆಂಟೂರ್‌ನ ಅಳತೆ ಆ್ಯಪ್ ಬಳಸಿ. 3 ದಿನಗಳಲ್ಲಿ 30 ಅಳತೆ ಮುಗಿಸಿದರೆ ಸಿಗುವ ವರದಿ ಇಟ್ಟುಕೊಂಡು ಬಿಲ್ ಕಡಿಮೆ ಮಾಡಲು ಅಥವಾ ಕಾಂಟ್ರ್ಯಾಕ್ಟ್ ಬಿಡಲು ಕೇಳಬಹುದು, 2021ರ ಡಿಸೆಂಬರ್‌ನಿಂದ ಆ ಹಕ್ಕು ಇದೆ. ಆದರೆ ಆ ಆ್ಯಪ್ ಅಳೆಯುವುದು ಸ್ಪೀಡನ್ನು. ಸಿಂಗಪುರದ ಸುತ್ತು ಅದರಲ್ಲಿ ಕಾಣುವುದಿಲ್ಲ. ಈ ಅನ್ಯಾಯ ನನಗೆ ನಿಜಕ್ಕೂ ಬೇಸರ ತರುತ್ತದೆ: ಹೊರದೇಶದಿಂದ ದುಡಿಯುವವರಿಗೆ ದಾರಿಯ ಗುಣವೇ ಮುಖ್ಯ, ಕಾಗದದಲ್ಲಿ ಮಾತ್ರ ಅದರ ಹೆಸರಿಲ್ಲ.

ರೂಟಿಂಗ್ ದೂರನ್ನು ಫೋನಿನಲ್ಲಿ ಹೇಳಿದರೆ "ರೌಟರ್ ರೀಸ್ಟಾರ್ಟ್ ಮಾಡಿ" ಎನ್ನುವ ಉತ್ತರ ಬರುತ್ತದೆ. ಬರಹದಲ್ಲಿ ಕಳಿಸಿ. ಎರಡೂ ದಿಕ್ಕಿನ ಎಂಟಿಆರ್, ಸಮಯ, ಟೈಮ್ ಝೋನ್, ಗುರಿಯ ವಿಳಾಸ, ಇನ್ನೊಂದು ಕಂಪನಿಯ ಲೈನ್‌ನಿಂದ ಅದೇ ಹೊತ್ತಿನ ಅಳತೆ, ಇಷ್ಟು ಹಾಕಿ ನೆಟ್‌ವರ್ಕ್ ವಿಭಾಗಕ್ಕೆ ದಾಟಿಸಿ ಅಂತ ಕೇಳಿ. ಮನೆ ಗ್ರಾಹಕರ ಮಾತು ಅಲ್ಲಿವರೆಗೆ ತಲುಪುವುದು ಕಷ್ಟ.

ನನ್ನ ಅನುಭವದಲ್ಲಿ ಬೇಗ ಕೆಲಸ ಆಗುವುದು ಬೆಂಗಳೂರಿನ ಕಡೆಯಿಂದ. ನಮ್ಮ ಆಫೀಸ್‌ಗೆ ಇಬ್ಬರು ಇಂಟರ್ನೆಟ್ ಪೂರೈಕೆದಾರರಿದ್ದರು. ಕೇಬಲ್ ಕಂಪನಿಯ ಟ್ರಾನ್ಸಿಟ್ (ಅದರ ಟ್ರಾಫಿಕ್ ಮುಂದೆ ಸಾಗಿಸುವ ಜಾಲ) ಅವರಲ್ಲಿ ಒಬ್ಬರಿಗೆ ಪ್ಯಾಕೆಟ್ ಕೊಡುತ್ತಿದ್ದದ್ದು ಸಿಂಗಪುರದಲ್ಲಿ. ಟ್ರೇಸ್ ಕಳಿಸಿದ ಮೇಲೆ ನೆಟ್‌ವರ್ಕ್ ಟೀಮ್‌ನವರು ಆ ಪೂರೈಕೆದಾರರ ಮೂಲಕ ಹೋಗುವ ಬಿಜಿಪಿ ಪ್ರಕಟಣೆಯಲ್ಲಿ ತಮ್ಮ ಎಎಸ್ ನಂಬರನ್ನು (ಬಿಜಿಪಿಯಲ್ಲಿ ಒಂದೊಂದು ಜಾಲದ ಗುರುತು) ಇನ್ನೆರಡು ಸಲ ಸೇರಿಸಿದರು, ನಡುವಿನ ಜಾಲಗಳ ಎಣಿಕೆಯಲ್ಲಿ ಆ ದಾರಿ ಉದ್ದ ಕಾಣುವಂತೆ. ಟ್ರಾಫಿಕ್ ಇನ್ನೊಬ್ಬರ ಮೂಲಕ ಮುಂಬೈಗೆ ತಿರುಗಿತು, 213 ಇದ್ದದ್ದು 151 ಆಯಿತು. ಕೇಬಲ್ ಹಾಗೇ ಇದೆ.

ಕೊನೆಗೂ ಲೈನ್ ಬದಲಿಸಲೇಬೇಕು ಅನ್ನಿಸಿದರೆ ತಾರೀಖು ಗಮನಿಸಿ. ಆನ್‌ಲೈನ್ ಅಥವಾ ಫೋನಿನಲ್ಲಿ ಮಾಡಿದ ಕಾಂಟ್ರ್ಯಾಕ್ಟ್ ವಾಪಸ್ ಪಡೆಯಲು 14 ದಿನ ಇರುತ್ತದೆ, ಆದರೆ ಆ ಎಣಿಕೆ ಕಾಂಟ್ರ್ಯಾಕ್ಟ್ ಆದ ದಿನದಿಂದ ಶುರು, ಲೈನ್ ಚಾಲೂ ಆದ ದಿನದಿಂದ ಅಲ್ಲ. ಡಿಎಸ್‌ಎಲ್ ಬರುವಷ್ಟರಲ್ಲಿ 14 ದಿನ ಕಳೆದಿರುವುದೇ ಜಾಸ್ತಿ. ಆದ್ದರಿಂದ ಸಹಿಗೆ ಮುಂಚೆಯೇ ಅದೇ ಕಂಪನಿಯ ಲೈನ್ ಇರುವ ಪಕ್ಕದ ಮನೆಯವರನ್ನು ಕೇಳಿ, ಲ್ಯಾಪ್‌ಟಾಪ್ ತಗೊಂಡು ಹೋಗಿ ಅರ್ಧ ಗಂಟೆ ಎಂಟಿಆರ್ ಹಾಕಿ. ಹಳೆಯ ಕಾಂಟ್ರ್ಯಾಕ್ಟ್‌ನ ಕನಿಷ್ಠ ಅವಧಿ ಮುಗಿದಿದ್ದರೆ 1 ತಿಂಗಳ ನೋಟಿಸ್ ಸಾಕು, ಹಾಗಾಗಿ ಹೊಸದು ಚಾಲೂ ಆಗಿ ಅಳತೆ ಸರಿ ಬರುವವರೆಗೆ ಹಳೆಯದಕ್ಕೆ ನೋಟಿಸ್ ಕೊಡಬೇಡಿ.